ಏಳನೇ ಫಾರಂ

ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಫ್ಯಾನು ಇತ್ತು, ಹಾಕುವ ಹಾಗಿರಲಿಲ್ಲ. ಹಾಕಿದರೆ ಹಾಳೆ ಹಾರುತ್ತವೆ. ಸೆಕೆಗೆ ಮೂವರು ಹೆಂಗಸರ ಬೆನ್ನು ಒದ್ದೆಯಾದರೆ ಏನೂ ಹಾರುವುದಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಫ್ಯಾನು ಸುಮ್ಮನೆ ತೂಗಿಕೊಂಡಿತ್ತು.

ದೊಡ್ಡಕ್ಕ ಮಡಿಸುವವಳು. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ. ಅದಕ್ಕೆ ಫಾರಂ ಅಂತ ಹೆಸರು. ಪಕ್ಕದಲ್ಲಿ ಹೊಲಿಯುವವಳು, ಅವಳಾಚೆ ಅಂಟು ಹಚ್ಚುವ ಚಿಕ್ಕಮ್ಮ. ಹಾಳೆಯ ಅಂಚು ಬೆರಳು ಕುಯ್ಯುತ್ತದೆ. ರಕ್ತ ಬರುವಷ್ಟಲ್ಲ, ಊಟಕ್ಕೆ ಕೂತಾಗ ಉಪ್ಪು ತಾಗಿ ಉರಿಯುವಷ್ಟು. ರಕ್ತ ಬಂದರೆ ಹಾಳೆ ಕೆಡುತ್ತದೆ, ಸಂಬಳದಲ್ಲಿ ಹಿಡಿಯುತ್ತಾರೆ.

ಕೈ ಮಡಿಸುವಾಗ ಕಣ್ಣು ಸುಮ್ಮನಿರುವುದಿಲ್ಲ. ಹೆಸರಾಂತ ಲೇಖಕಿಯಮ್ಮನ, ಇಲ್ಲೇ ಅಚ್ಚಾದ ನಲವತ್ತು ಕಾದಂಬರಿಗಳನ್ನೂ ದೊಡ್ಡಕ್ಕ ಹೀಗೇ ಬಿಟ್ಟು ಬಿಟ್ಟು ಓದಿದ್ದಳು. ಅವುಗಳಲ್ಲಿ ಒಂದರಲ್ಲಿ ಒಬ್ಬ ಹೆಂಗಸು ತೀರಿಹೋದ ಗಂಡನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಅದು ಹನ್ನೊಂದು ವರ್ಷದ ಹಿಂದೆ, ಆಗ ದೊಡ್ಡಕ್ಕನ ಗಂಡ ತೀರಿಹೋಗಿ ಎಂಟು ದಿನ. ಸಾವಿನ ಮನೆಯಲ್ಲಿ ಬಾರದ ಅಳು ಆ ಪುಟ ಮಡಿಸುವಾಗ ಬಂತು. ಹಾಳೆ ಒದ್ದೆಯಾದದ್ದಕ್ಕೂ ಸಂಬಳದಲ್ಲಿ ಹಿಡಿದುಕೊಂಡರು.

ನಲವತ್ತೊಂದನೆಯ ಕಾದಂಬರಿಯ ಏಳನೇ ಫಾರಮ್ಮಿನಲ್ಲಿ ಅವಳ ಕೈ ನಿಂತಿತು. ಅದೇ ಬೆಂಚು, ಅದೇ ಹೆಂಗಸು, ಸಾಲಿಗೆ ಸಾಲು. ಹೆಸರು ಮಾತ್ರ ಬೇರೆ. ಚಪ್ಪಲಿ ಇದ್ದ ಕಡೆ ಕೊಡೆ ಇತ್ತು.

ಹಾಳೆ ಹಿಡಿದುಕೊಂಡೇ ಯಜಮಾನರ ಮೇಜಿನ ಹತ್ತಿರ ಹೋದಳು.

"ಅಯ್ಯಾ, ಇದು ಹಳೇ ಪುಸ್ತಕದಲ್ಲಿ ಬಂದುಹೋಗಿದೆ."

"ನಿನಗೆ ಸಂಬಳ ಕೊಡೋದು ಮಡಿಸೋಕೋ ಓದೋಕೋ?"

"ಮಡಿಸೋಕೆ."

"ಮತ್ತೆ?"

ಮಡಿಸಿದಳು.

ಲೇಖಕಿಯಮ್ಮನ ಪುಸ್ತಕಗಳಲ್ಲಿ ಮೊದಲಿನ ರುಚಿಯಿಲ್ಲ ಅಂತ ಓದುಗರು ನಾಲ್ಕೈದು ವರ್ಷದಿಂದ ಗೊಣಗುತ್ತಿದ್ದರು. ಲೇಖಕಿಯಮ್ಮ ವರ್ಷಕ್ಕೆ ಮೂರು ಬರೆಯುತ್ತಿದ್ದರು, ಬರೆದದ್ದನ್ನು ತಾವೇ ಓದುತ್ತಿರಲಿಲ್ಲವೇನೋ. ಈ ಸಲ ಓದುಗರು ಗೊಣಗಲಿಲ್ಲ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಪತ್ರಿಕೆಗೆ ಬರೆದರು. ಅಂಗಡಿಗಳಿಂದ ಕಟ್ಟುಕಟ್ಟಾಗಿ ಪುಸ್ತಕ ವಾಪಸು ಬಂತು.

ಮಾರನೇ ವಾರ ಲೇಖಕಿಯಮ್ಮನೇ ಪ್ರೆಸ್ಸಿಗೆ ಬಂದರು. ಬೈಂಡಿಂಗ್ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಸೆಕೆ ಎಂದು ಫ್ಯಾನು ಹಾಕಿಸಿದರು. ಹಾಳೆ ಹಾರಿದವು. ಫ್ಯಾನು ನಿಲ್ಲಿಸಿದರು.

ಯಜಮಾನರು ದೊಡ್ಡಕ್ಕನ ಮುಂದೆ ಒಂದು ಕಾಗದ ಇಟ್ಟರು. "ಬೈಂಡಿಂಗಿನವರ ಅಜಾಗರೂಕತೆಯಿಂದ ಹಳೆಯ ಕಾದಂಬರಿಯ ಒಂದು ಫಾರಂ ಹೊಸದರಲ್ಲಿ ಸೇರಿಹೋಗಿದೆ. ತಪ್ಪು ನನ್ನದು." ಕೆಳಗೆ ಸಹಿಗೆ ಜಾಗ.

"ಪೇಪರಿಗೆ ಕೊಡೋದು. ಇದನ್ನೇ ಚೀಟಿಗಳಾಗಿ ಅಚ್ಚು ಹಾಕಿಸಿದೀನಿ, ಉಳಿದ ಪುಸ್ತಕಕ್ಕೆಲ್ಲ ಅಂಟಿಸಿ. ನಿನ್ನ ಕೆಲಸಕ್ಕೇನೂ ಆಗಲ್ಲ."

ಫಾರಂ ತಪ್ಪಿಸುವವಳು ಎಂದು ಪೇಪರಿನಲ್ಲಿ ಬಂದವಳಿಗೆ ಬೇರೆ ಯಾವ ಪ್ರೆಸ್ಸೂ ಬಾಗಿಲು ತೆಗೆಯುವುದಿಲ್ಲ. ಸಹಿ ಹಾಕದಿದ್ದರೆ ಈ ಬಾಗಿಲೂ ಮುಚ್ಚುತ್ತದೆ. ದೊಡ್ಡಕ್ಕ ಕಾಗದವನ್ನು ಎರಡು ಸಲ ಓದಿದಳು.

"ಅಯ್ಯಾ, ಹಳೇ ಫಾರಂ ಸೇರಿದ್ರೆ ಪುಟದ ನಂಬರು ಹೇಗೆ ಸರಿಯಾಗಿ ಬಂತು?"

"ಅದನ್ನೆಲ್ಲ ಯಾರು ನೋಡ್ತಾರೆ?"

"ಆ ಹೆಂಗಸಿನ ಹೆಸರು ಬದಲಾಗಿದೆ. ಅದನ್ನೂ ನಾವೇ ಅಂಟು ಹಚ್ಚಿ ಬದಲಾಯಿಸಿದ್ವಾ?"

ಚಿಕ್ಕಮ್ಮ, "ನನ್ನ ಅಂಟಿಗೆ ಅಷ್ಟು ಶಕ್ತಿ ಇದ್ದಿದ್ರೆ ನಾನು ಇಲ್ಲಿ ಯಾಕಿರ್ತಿದ್ದೆ" ಎಂದಳು. ಹೊಲಿಯುವವಳು ದಾರ ಕಚ್ಚಿಕೊಂಡು ನಗು ತಡೆದಳು.

ಲೇಖಕಿಯಮ್ಮ ಮೆತ್ತಗೆ ಹೇಳಿದರು, "ನೋಡಮ್ಮ, ನಿನ್ನ ಹೆಸರು ಯಾರಿಗೆ ಗೊತ್ತಿದೆ? ಹೋದ್ರೆ ಏನು ಹೋಗತ್ತೆ? ನನ್ನ ಹೆಸರು ನಂಬಿಕೊಂಡು ಲಕ್ಷಾಂತರ ಜನ ಇದಾರೆ."

"ನಾನೂ ಅವರಲ್ಲಿ ಒಬ್ಬಳೇ, ಅಮ್ಮಾ. ಒಂದು ಮಾತು ಕೇಳ್ಲಾ? ಅವಳ ಮಡಿಲಲ್ಲಿ ಚಪ್ಪಲಿ ಇತ್ತು. ಅದನ್ನ ಕಿತ್ಕೊಂಡು ಕೊಡೆ ಯಾಕೆ ಕೊಟ್ರಿ?"

"ಯಾರ ಮಡಿಲಲ್ಲಿ?" ಲೇಖಕಿಯಮ್ಮ ಯಜಮಾನರ ಮುಖ ನೋಡಿದರು. "ಯಾರ ವಿಷಯ ಹೇಳ್ತಿದಾಳೆ ಇವಳು?"

ಅವರು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಹನ್ನೊಂದು ವರ್ಷದಿಂದ ಆ ಹೆಂಗಸನ್ನು ಜೊತೆಗಿಟ್ಟುಕೊಂಡು ಬದುಕಿದವಳು ತಾನೊಬ್ಬಳೇ ಎಂದು ದೊಡ್ಡಕ್ಕನಿಗೆ ಆಗ ತಿಳಿಯಿತು. ಎದೆಯೊಳಗೆ ಏನೋ ತಣ್ಣಗಾಯಿತು. ಭಯವೂ ಅದರ ಜೊತೆಗೇ ಹೋಯಿತು.

"ನಾನು ಸಹಿ ಹಾಕಲ್ಲ."

"ಹಾಗಾದ್ರೆ ನಾಳೆಯಿಂದ ಬರಬೇಡ," ಎಂದರು ಯಜಮಾನರು. "ಇವರಿಬ್ಬರು ಚೀಟಿ ಅಂಟಿಸ್ತಾರೆ."

ಹೊಲಿಯುವವಳು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಎದ್ದಳು. ಚಿಕ್ಕಮ್ಮನಿಗೆ ಮಂಡಿ ನೋವು, ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಕಾದರು.

"ನೀನೆಲ್ಲಿಗೆ?" ಯಜಮಾನರು ಚಿಕ್ಕಮ್ಮನನ್ನು ಕೇಳಿದರು.

"ಇವತ್ತು ಅವಳು ಫಾರಂ ತಪ್ಪಿಸಿದ್ಲು. ನಾಳೆ ನಾನು ಅಂಟು ತಪ್ಪಿಸಿರ್ತೀನಿ. ಅದಕ್ಕೆ ಈಗ್ಲೇ ಹೊರಟೆ."

ಮೂವರೂ ಊಟದ ಡಬ್ಬಿ ಹಿಡಿದು ಹೊರಗೆ ಬಂದರು. ಮುಂದೇನು ಎಂದು ಯಾರೂ ಕೇಳಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮನ ಮಂಡಿಗೆಂದು ಕಿಟಕಿಯ ಹತ್ತಿರ ಕ್ಷಣ ನಿಂತರು.

ಒಳಗೆ ಲೇಖಕಿಯಮ್ಮ ಬಳೆ ಮೇಲೇರಿಸಿಕೊಂಡು ಚಿಕ್ಕಮ್ಮನ ಜಾಗದಲ್ಲಿ ಕೂತಿದ್ದರು. ಸಹಿಯಿಲ್ಲದ ಮೊದಲನೆಯ ಚೀಟಿಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಅಂಟು ಬಳಿದು ಪುಸ್ತಕಕ್ಕೆ ಒತ್ತಿದರು. ತಲೆಕೆಳಗಾಗಿ.

"ಅಯ್ಯೋ," ಎಂದು ಹೊಲಿಯುವವಳು ಬಾಗಿಲ ಕಡೆ ತಿರುಗಿದಳು. ದೊಡ್ಡಕ್ಕ ಅವಳ ಕೈ ಹಿಡಿದಳು.

"ಬಿಡೇ. ಅವರ ಪುಸ್ತಕ."