ಸಿಮೆಂಟಿನ ಹಿಂದಿನ ಗೋಡೆ

ಟೈಲರಮ್ಮ ಹೊಲಿಗೆ ಯಂತ್ರವನ್ನೇ ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತಿದ್ದಳು. ನೂರು ವರ್ಷ ದಾಟಿದ ಆರು ಮನೆಗಳ ಸಾಲಿನಲ್ಲಿ ಅವಳದು ಮೊದಲನೆಯದು. ಹೊರಗೆ ನಗರಸಭೆಯ ಎಂಜಿನಿಯರು ಉಬ್ಬಿದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಕೆಂಪು ಗೆರೆ ಬಿತ್ತೆಂದರೆ ಸೋಮವಾರ ಇಡೀ ಸಾಲೇ ನೆಲಸಮ.

"ಅಮ್ಮಾ, ಗೋಡೆ ಹೊಟ್ಟೆ ಬಿಟ್ಟಿದೆ. ನಿಮ್ಮ ತಲೆ ಮೇಲೆ ಬಿದ್ರೆ ಯಾರು ಹೊಣೆ?" ಎಂದರು ಎಂಜಿನಿಯರು. ಅದು ಬರೀ ಬೆದರಿಕೆಯಲ್ಲ. ಹೋದ ವರ್ಷ ಹಿಂದಿನ ಬೀದಿಯಲ್ಲಿ ಗೋಡೆ ಕುಸಿದಾಗ ಹೆಣ ಹೊರತೆಗೆಸಿದ್ದು ಅವರೇ.

"ಬಿದ್ರೆ ಬೀಳ್ಲಿ. ನಾನಂತೂ ಏಳಲ್ಲ. ಅದೇನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

ಅವಳ ತಮ್ಮ, ಗಾರೆ ಮೇಸ್ತ್ರಿ, ಕೆಲಸದ ಚೀಲ ಹೆಗಲಿಗೇರಿಸಿ ಪಕ್ಕದಲ್ಲಿ ನಿಂತಿದ್ದ. ಹತ್ತು ವರ್ಷದ ಹಿಂದೆ ಅಕ್ಕ "ಸುಣ್ಣದ ಗಾರೆನೇ ಹಾಕೋ" ಎಂದು ಗೋಗರೆದಿದ್ದಳು. "ನಿಂಗೇನ್ ಗೊತ್ತು, ಸುಮ್ನೆ ಬಟ್ಟೆ ಹೊಲಿ" ಎಂದು ನಕ್ಕು, ಸುಣ್ಣ ಕೆರೆದು ಸಿಮೆಂಟು ಮೆತ್ತಿದವನು ಇವನೇ. ಹಳೆಯ ಇಟ್ಟಿಗೆ ನೆಲದಿಂದ ತೇವ ಹೀರುತ್ತದೆ. ಸುಣ್ಣ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೇ ಉಳಿದ ತೇವಕ್ಕೆ ಸಿಮೆಂಟು ಇಟ್ಟಿಗೆಯ ಹಿಡಿತ ಬಿಟ್ಟು ಉಬ್ಬುತ್ತದೆ. ಇದು ಅವನಿಗೆ ಗೊತ್ತಾದದ್ದು ಆರೂ ಮನೆ ಮುಗಿಸಿದ ಮೇಲೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ ಮಹರಾಯ! ಬಿಟ್ಟರೆ ಕೆಲಸಕ್ಕೆ ಯಾರು ಕರೆಯುತ್ತಾರೆ ಎಂಬ ಅಂಜಿಕೆ.

ಅಕ್ಕ ಅವನತ್ತ ತಿರುಗಿದಳು. "ನೀನಾದ್ರೂ ಹೇಳೋ. ಕಸುಬು ಗೊತ್ತಿರೋನಲ್ವಾ? ಈ ಗೋಡೆ ಬೀಳುತ್ತಾ?"

ಅವನು ಚೀಲದಿಂದ ಸುತ್ತಿಗೆ ತೆಗೆದು ಕೆಂಪು ಗೆರೆಯ ಮೇಲೇ ಬಾರಿಸಿದ.

"ಏಯ್, ತಲೆ ಕೆಟ್ಟಿದೆಯೇನ್ರೀ?" ಎಂಜಿನಿಯರು ಹಿಂದಕ್ಕೆ ಹಾರಿದರು. ಸಿಮೆಂಟು ಹಲಗೆ ಹಲಗೆಯಾಗಿ ಕಳಚಿ ಬಿತ್ತು. ಧೂಳು ಇಳಿದಾಗ ಒದ್ದೆ ಇಟ್ಟಿಗೆಯ ಸಾಲುಗಳು ಕಂಡವು. ಮೇಸ್ತ್ರಿ ಮೇಲಿನಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟ. ದಾರ ಮೇಲಿನಿಂದ ಕೆಳಗಿನವರೆಗೂ ಗೋಡೆಗೆ ಒಂದೇ ಅಂತರದಲ್ಲಿ ನಿಂತಿತು.

"ನೋಡ್ಕೊಳ್ಳಿ ಸಾರ್. ಗೋಡೆ ನೆಟ್ಟಗಿದೆ. ಹೊಟ್ಟೆ ಬಿಟ್ಟಿದ್ದು ನಾನು ಮೆತ್ತಿದ ಸಿಮೆಂಟು. ತಪ್ಪು ನಂದು. ಬರ್ಕೊಳ್ಳಿ."

ಎಂಜಿನಿಯರು ಬೀಗದ ಕೈಯಿಂದ ಇಟ್ಟಿಗೆ ಕೆರೆದು ನೋಡಿದರು. ದಾರವನ್ನು ತಾವೇ ಇನ್ನೊಮ್ಮೆ ಇಳಿಬಿಟ್ಟರು. "ಇದನ್ನ ಬರೆದ್ರೆ ನಾಳೆಯಿಂದ ನಿಮ್ಮನ್ನ ಯಾರೂ ಕರೆಯಲ್ಲ, ಮೇಸ್ತ್ರಿ."

"ಕರೀದಿದ್ರೆ ಬೇಡ. ನನ್ನ ಹೆಸರು ಉಳಿಸೋಕೆ ಆರು ಮನೆ ಯಾಕ್ರೀ ಬೀಳ್ಬೇಕು?"

"ಇದೊಂದು ಗೋಡೆ ಸರಿ. ಮಿಕ್ಕಿದ ಐದು? ಸೋಮವಾರದೊಳಗೆ ತೋರಿಸಿ, ಕೆಂಪು ಗೆರೆ ನಾನೇ ಅಳಿಸ್ತೀನಿ."

ಅವರು ಹೋದ ಮೇಲೂ ಅಕ್ಕ ಬಾಗಿಲಿನಿಂದ ಕದಲಲಿಲ್ಲ. "ಹತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ಯೋ ಪಾಪಿ?" ಎಂದಳು. ಅವಳ ಕಣ್ಣು ತುಂಬಿತ್ತು, ಸಿಟ್ಟಿಗೋ ನೆಮ್ಮದಿಗೋ ಅವಳಿಗೇ ತಿಳಿಯದು.

ಮೇಸ್ತ್ರಿ ಸುತ್ತಿಗೆ ಹಿಡಿದುಕೊಂಡೇ ಪಕ್ಕದ ಮನೆಯ ಬಾಗಿಲು ಬಡಿದ.

"ನಿಮ್ಮ ಗೋಡೆ ಕೆಡಿಸಿದ್ದೂ ನಾನೇ," ಎಂದ, ಇಡೀ ಬೀದಿಗೆ ಕೇಳುವಂತೆ. "ಬಾಗಿಲು ತೆಗೀರಿ. ಬಯ್ಯೋದು ಆಮೇಲೆ ಬಯ್ಯೋರಂತೆ."