ಪೈಪ್ ಕಿತ್ತ ಮೇಲೂ ಉಳಿದ ಸದ್ದು

೧
ಕಾರ್ಬುರೇಟರಿನಿಂದ ಶುರುಮಾಡಿದರೆ ನೀವು ಎರಡನೇ ಸಾಲಿಗೇ ಎದ್ದು ಹೋಗುತ್ತೀರಿ. ಅಪ್ಪ-ಮಗಳಿಂದ ಶುರುಮಾಡಿದರೆ ಜಗಳ ಯಾವುದರ ಮೇಲೆ ಎಂದೇ ತಿಳಿಯುವುದಿಲ್ಲ. ಏನು ಮಾಡಲಿ? (ಮೂರು ಡ್ರಾಫ್ಟ್ ಹರಿದಾಗಿದೆ. ಒಂದರಲ್ಲಿ ಕಾರೇ ಕಥೆ ಹೇಳುತ್ತಿತ್ತು. ಓದಿ ನನಗೇ ನಾಚಿಕೆಯಾಯಿತು.)

೧, ಮತ್ತೊಮ್ಮೆ
ಪಾಠ ಮುಗಿಸಿಬಿಡೋಣ. ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತಿಗೆ ಟೈಮಿಂಗ್ ಎನ್ನುತ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಿಂದ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ರಬ್ಬರ್ ಪೈಪ್ ಇರುತ್ತದೆ. ಎಂಜಿನ್ ಗಾಳಿ ಹೀರುವ ಎಳೆತ ಈ ಪೈಪಿನ ಮೂಲಕ ಟೈಮಿಂಗನ್ನು ಇನ್ನಷ್ಟು ಮುಂದಕ್ಕೆ, ಎಂದರೆ ಕಿಡಿ ಇನ್ನೂ ಬೇಗ ಹಾರುವಂತೆ, ಒಯ್ಯುತ್ತದೆ. ಪೈಪ್ ಸಿಕ್ಕಿಸಲು ಕಾರ್ಬುರೇಟರಿನಲ್ಲಿ ಎರಡು ತೂತು. ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಕೆಳಗಿನದರಲ್ಲಿ ಗಾಡಿ ನಿಂತು ಎಂಜಿನ್ ಓಡುತ್ತಿದ್ದಾಗಲೂ ಎಳೆತ. ಮೇಲಿನದರಲ್ಲಿ ಆಕ್ಸಿಲರೇಟರ್ ಒತ್ತಿದ ಮೇಲಷ್ಟೇ. ಕಿಡಿ ಅತಿ ಬೇಗ ಹಾರಿದರೆ ಏರಿನಲ್ಲಿ ಟಿಣಟಿಣ ಸದ್ದು. ಅದನ್ನು ಹಾಗೇ ಬಿಟ್ಟರೆ ಪಿಸ್ಟನ್ನಿನ ಕಥೆ ಮುಗಿಯಿತು.

೨
ಕಾರು ನನ್ನದು, ಗ್ಯಾರೇಜು ಅಪ್ಪ-ಮಗಳದು. ಮೆಕ್ಯಾನಿಕ್ ಅಪ್ಪ ನಲವತ್ತು ವರ್ಷದಿಂದ ಟೈಮಿಂಗನ್ನು ಕಿವಿಯಲ್ಲೇ ಕೂರಿಸುವವರು: ಏರಿನಲ್ಲಿ ಸದ್ದು ಬರುವವರೆಗೂ ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ, ಬಂದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ. ಮಗಳೂ ಮೆಕ್ಯಾನಿಕ್. ಕಿಡಿಯ ಹೊತ್ತನ್ನು ಕಣ್ಣಿಗೆ ತೋರಿಸಲೆಂದು ಅವಳು ತಂದ ಟೈಮಿಂಗ್ ಲೈಟ್ ಇನ್ನೂ ಡಬ್ಬಿಯಲ್ಲೇ ಇದೆ, ಅಪ್ಪ ಮುಟ್ಟಗೊಟ್ಟಿಲ್ಲ.

ಇವತ್ತು ಏರಿನಲ್ಲಿ ಕಾರು ಟಿಣಟಿಣ ಬಡಿದುಕೊಂಡಿತು. ಹಿಂದೆ ಕೂತ ನನಗೆ ಕೇಳಿಸಿತು, ಮುಂದೆ ಕೂತ ಮಗಳಿಗೆ ಕೇಳಿಸಿತು. ಸ್ಟಿಯರಿಂಗ್ ಹಿಡಿದಿದ್ದ ಅಪ್ಪ, "ಇನ್ನೂ ಸದ್ದೇ ಬಂದಿಲ್ವಲ್ಲ" ಎಂದು ಇಳಿದು ಇನ್ನಷ್ಟು ಮುಂದಕ್ಕೆ ತಿರುಗಿಸಿದರು.

"ಅಪ್ಪಾ, ಪೈಪ್ ಬೇರೆ ತೂತಿಗೆ ಹೋಗಿರ್ಬೇಕು. ಕಿತ್ತು ನೋಡ್ತೀನಿ ತಾಳಿ" ಎಂದಳು ಮಗಳು. ಪೈಪ್ ಕಿತ್ತಳು, ಅದರ ಬಾಯಿಗೆ ಒಂದು ಸ್ಕ್ರೂ ತುರುಕಿದಳು.

(ಪೈಪೇ ಇಲ್ಲವೆಂದರೆ ಆ ಎಳೆತವೂ ಇಲ್ಲ. ಆಮೇಲೂ ಸದ್ದು ಬಂದರೆ ತಪ್ಪು ಅಪ್ಪ ಕೂರಿಸಿದ ಟೈಮಿಂಗಿನದೇ. ಇದು ಅವಳಿಗೆ ಚೆನ್ನಾಗಿ ಗೊತ್ತು. ಪಾಪ, ತಪ್ಪನ್ನು ತೂತಿನ ಮೇಲೆ ಹಾಕಿ ನೋಡಿದಳು.)

ಮತ್ತೆ ಏರು ಹತ್ತಿದೆವು. ಸದ್ದು ಜಾಸ್ತಿಯೇ ಆಗಿತ್ತು.

೩
ಮುಕ್ತಾಯ ಅ: ಮಗಳು ಅಪ್ಪನ ಕಣ್ಣು ತಪ್ಪಿಸಿ ಲೈಟ್ ಹಿಡಿದು ಸರಿಮಾಡುತ್ತಾಳೆ. ಚೆಂದವಾಗಿ ಬರೆದಿದ್ದೆ. ಅವಳು ಒಪ್ಪಲಿಲ್ಲ. "ನಿಮ್ಮ ಕಾರೇನೋ ಕದ್ದು ಸರಿ ಮಾಡ್ತೀನಿ ಸಾರ್. ನಾಳೆ ಬರೋ ಕಾರು? ನಮ್ಮಪ್ಪನ ಹಿಂದೆ ನಾನು ಎಷ್ಟು ದಿನ ಕಳ್ಳಿ ಥರ ಓಡಾಡ್ಲಿ?"

ಮುಕ್ತಾಯ ಆ: ಕಿವಿ ಡಾಕ್ಟರ್. ಇದಕ್ಕೆ ಅಪ್ಪನೇ ತಿರುಗಿಬಿದ್ದರು. "ನನ್ನ ಕಿವಿಗೇನಾಗಿದೆ ರೀ? ಬರೆಯೋಕೆ ಬೇರೇನೂ ಸಿಗ್ಲಿಲ್ವಾ?" ಅಳಿಸಿದೆ. ನನಗೆ ಅವರನ್ನು ಕಂಡರೆ ಭಯ, ಅದಕ್ಕಿಂತ ಹೆಚ್ಚು ಅಕ್ಕರೆ.

೫
(ನಾಲ್ಕರಲ್ಲಿ ಬರೀ ಉಪದೇಶವಿತ್ತು.)

ಏರಿನ ಅರ್ಧದಲ್ಲಿ ಅಪ್ಪ ಬ್ರೇಕ್ ಒತ್ತಿದರು. ಮಗಳತ್ತ ತಿರುಗಿದರು.

"ಸದ್ದು ಬರ್ತಿದೆಯೇನಮ್ಮಾ?"

ನಲವತ್ತು ವರ್ಷದಲ್ಲಿ ಈ ಪ್ರಶ್ನೆ ಅವರು ಯಾರನ್ನೂ ಕೇಳಿರಲಿಲ್ಲ.

"ಇಲ್ಲಪ್ಪ" ಎಂದು ಮಗಳ ಉತ್ತರ ಬರೆದೆ, ಹೊಡೆದುಹಾಕಿದೆ. "ಹೂಂ" ಎಂದು ಬರೆದೆ. ಅದನ್ನೂ ಹೊಡೆದುಹಾಕುವಷ್ಟರಲ್ಲಿ ಮಗಳು ನನ್ನತ್ತ ತಿರುಗಿದಳು.

"ಸಾರ್, ಒಂದು ನಿಮಿಷ ಇಳೀತೀರಾ?"

ಕಾರು ನನ್ನದು, ಕಥೆಯೂ ನನ್ನದೇ. ಆದರೂ ಇಳಿದೆ. ಅವಳು ಗಾಜು ಏರಿಸಿದಳು.

ಏನು ಹೇಳಿದಳೆಂದು ನನ್ನನ್ನು ಕೇಳಬೇಡಿ. ಅವಳ ಮಾತು ಕೇಳಿಸಲೆಂದು ಅಪ್ಪ ಎಂಜಿನ್ ಆಫ್ ಮಾಡಿದರು. ಅವಳ ತುಟಿ ಆಡಿತು. ಅಪ್ಪ ಇನ್ನಷ್ಟು ಹತ್ತಿರಕ್ಕೆ ಬಾಗಿದರು. ಅವಳು ಮತ್ತೊಮ್ಮೆ ಹೇಳಿದಳು.