ಹದಿನೇಳನೇ ನಂಬರಿನ ಹಾಜರಿ

ಸೀಮೆಸುಣ್ಣದ ಪುಡಿ ಬಿಸಿಲಿನ ಪಟ್ಟೆಯಲ್ಲಿ ತೇಲುತ್ತಿದೆ, ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಕಣ ಇಷ್ಟು ಚಿಕ್ಕದಾದರೆ ಗಾಳಿಯೇ ಬೀಳಗೊಡುವುದಿಲ್ಲ ಎಂದು ತಾವೇ ಪಾಠ ಮಾಡಿದ್ದು ಮೇಷ್ಟ್ರಿಗೆ ನೆನಪಾಯಿತು, ನೆನಪಾಗಿ ಏನೂ ಅನ್ನಿಸಲಿಲ್ಲ, ಹದಿನಾರು ಎಂದರು, ಹಾಜರ್ ಸಾರ್, ಹದಿನಾರು ಅವರ ಮಗಳೇ, ತರಗತಿಯಲ್ಲಿ ಅಪ್ಪ ಎನ್ನಕೂಡದೆಂದು ಮನೆಯಲ್ಲೇ ಕರಾರು, ಇವತ್ತು ಆ ಸಾರ್‌ನಲ್ಲಿ ಮನೆಯದ್ದೇನೂ ಉಳಿದಿಲ್ಲ, ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗ — ಹದಿನೇಳು, ದರ್ಜಿಯ ಮಗಳು, ಬಾರದೆ ಮೂರು ತಿಂಗಳು, ಹಾಜರಿ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ತಪ್ಪಿಲ್ಲ, ಮೂವತ್ತು ದಿನ ಗೈರಾದರೆ ಶಿಕ್ಷಣ ಕಚೇರಿಯವರು ಮನೆಗೆ ಹೋಗಿ ವಿಚಾರಿಸಿ ಹೆಸರು ಹೊಡೆದುಹಾಕುತ್ತಾರೆ, ಹೆಸರು ಹೋದವಳು ತಿರುಗಿ ಬಂದದ್ದನ್ನು ಇವರು ಕಂಡಿಲ್ಲ, ಜ್ವರವಿದ್ದೀತು, ನಾಳೆ ಬಂದಾಳು ಎಂದು ದಿನಕ್ಕೊಂದು ಹಾಜರಿ ಗೀಟು, ಗೀಟೆಳೆಯಲು ಎಷ್ಟು ಹೊತ್ತು, ಅತ್ತ ಮೆರವಣಿಗೆ, ಸಭೆ, ಹೆಣ್ಣುಮಕ್ಕಳನ್ನು ಓದಿಸಿ ಎಂದು ಬಾಗಿಲು ಬಾಗಿಲಿಗೆ ಚಪ್ಪಲಿ ಸವೆಸಿದ್ದು, ಹುಡುಗೀರ ಮೇಷ್ಟ್ರು ಬಂದ್ರು, ಇನ್ನು ಅಡುಗೆಗೆ ಯಾರೂ ಇರಲ್ಲ, ಒಲೆ ಆರಿಸ್ರೋ ಎಂದು ಜನ ಆಡಿಕೊಂಡದ್ದು, ಈ ವರ್ಷ ನಮ್ಮಲ್ಲಿ ಒಬ್ಬ ಹುಡುಗಿಯೂ ಶಾಲೆ ಬಿಟ್ಟಿಲ್ಲ ಎಂದು ಮೈಕಿನ ಮುಂದೆ ಹೇಳಿದ್ದೂ ಆಯಿತು, ಚಪ್ಪಾಳೆಯೂ ಆಯಿತು, ಊರಿಗೆಲ್ಲ ಬುದ್ಧಿ ಹೇಳುವವರಿಗೆ ಎರಡು ಓಣಿ ದಾಟಿ ದರ್ಜಿಯ ಮನೆಗೆ ಹೋಗಲು ಪುರುಸೊತ್ತಿರಲಿಲ್ಲ, ನಿನ್ನೆ ಮಗಳೇ ಎಳೆದುಕೊಂಡು ಹೋದಳು, ಹೊಲಿಯುತ್ತಿದ್ದ ದರ್ಜಿ ಅಂಗೈಯಿಂದ ಚಕ್ರ ತಡೆದ, ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತು, ಬನ್ನಿ ಮೇಷ್ಟ್ರೇ ಕೂತ್ಕೊಳ್ಳಿ, ಅವಳು ಗಂಡನ ಮನೇಲಿದಾಳಲ್ಲ, ಎರಡು ತಿಂಗಳಾಯ್ತು, ಅವಳಿಗೆ ಹದಿನಾಲ್ಕು ವರ್ಷ ಈಗಷ್ಟೇ ತುಂಬಿದ್ದು ಎಂದು ಇವರು ಲೆಕ್ಕ ಹಾಕಿದರು, ಲೆಕ್ಕ ಸರಿಯಾಗಿಯೇ ಬಂತು, ದರ್ಜಿಗೆ ಹೆದರಿಕೆಯಿರಲಿಲ್ಲ, ನಾಚಿಕೆಯಿದ್ದಂತಿತ್ತು, ಮದುವೆಗೆ ಮುಂಚೆ ಒಂದು ತಿಂಗಳು ಮನೇಲೇ ಕೂರಿಸಿದ್ದೆ, ದಿನಾ ಬಾಗಿಲು ನೋಡೋದು, ನೀವು ಬಂದು ಗಲಾಟೆ ಮಾಡಿದ್ರೆ ಅದೇ ನೆಪ ಹೇಳಿ ಬೀಗರನ್ನ ವಾಪಸ್ ಕಳಿಸೋಣ ಅಂತ, ನೀವು ಬರ್ಲೇ ಇಲ್ಲ, ನಿಮಗೂ ಒಪ್ಪಿಗೆ ಅಂದ್ಕೊಂಡೆ — ಚಕ್ರದ ಮೇಲೆ ಅಂಗೈ, ಅರ್ಧ ಇಳಿದ ಸೂಜಿ — ವಾಪಸು ಬರುವಾಗ ಓಣಿಯ ತಿರುವಿನಲ್ಲಿ ಮಗಳು ಮೆಲ್ಲಗೆ, ಲ್ಯಾಬಲ್ಲಿ ನೀವೇ ಹೇಳ್ತೀರಲ್ಲಪ್ಪ, ಕಂಡ ಅಂಕೀನೇ ಬರೀಬೇಕು, ಬರಬೇಕಾದ್ದನ್ನಲ್ಲ ಅಂತ, ಹೌದಮ್ಮ ಎಂದರು, ಈಗ ಪುಸ್ತಕದಲ್ಲಿ ಇವತ್ತಿನ ತಾರೀಖಿನ ಚೌಕದಲ್ಲಿ ಗೈರು ಬರೆದರೆ ಎಣಿಕೆ ಇವತ್ತಿನಿಂದ, ಅವಳನ್ನು ಕೇಳಿಕೊಂಡು ಯಾರಾದರೂ ಹೊರಡಲು ಇನ್ನೂ ಮೂವತ್ತು ದಿನ, ಹಿಂದಿನ ಸುಳ್ಳು ಗೀಟುಗಳನ್ನೆಲ್ಲ ಹೊಡೆದುಹಾಕಿದರೆ ಕಚೇರಿಯವರು ಇವತ್ತೇ ಹೋಗಬೇಕು, ಆಮೇಲೆ ಇವರ ಕೆಲಸ ಹೋದೀತು, ಮೈಕೂ ಹೋದೀತು, ಸುಳ್ಳು ಹಾಜರಿಯ ಮೇಷ್ಟ್ರ ಮಾತಿಗೆ ಯಾವ ಬಾಗಿಲು ತೆರೆದೀತು, ಸಾರ್ ಹದಿನೇಳು ಎಂದಳು ಮಗಳು, ಯಾರೋ ಕಿಸಕ್ಕೆಂದರು, ಮೇಷ್ಟ್ರು ಹಾಳೆ ಹಿಂದಕ್ಕೆ ತಿರುವಿದರು, ಒಂದು, ಎರಡು, ಮೂರು, ಸುಳ್ಳಿನ ಮೊದಲ ಗೀಟು ಎಷ್ಟು ನೇರ, ಅದರ ಮೇಲೆ ಪೆನ್ನಿನ ಮೊನೆ ಊರಿದರು, ಎಳೆಯಬೇಕು, ಅಡ್ಡ ಎಳೆದರೆ ಮುಗಿಯಿತು, ಮೊನೆಯ ಸುತ್ತ ಶಾಯಿ ಹರಡುತ್ತಿದೆ, ಎಳೆಯಬೇಕು, ಚಕ್ರದ ಮೇಲೆ ಅಂಗೈ, ಬಟ್ಟೆಯಲ್ಲಿ ಅರ್ಧ ಇಳಿದ ಸೂಜಿ, ಅರ್ಧ ಇಳಿದ ಸೂಜಿ